ಸದ್ದಿಲ್ಲದ ಚೈನು

ಸಿದ್ದಗಂಗಮ್ಮನಿಗೆ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ. ಆದರೆ ರಸ್ತೆಯ ಆ ತುದಿಯಲ್ಲಿ ಒಂದು ಸ್ಕೂಟರ್ ತಿರುಗಿತೆಂದರೆ, ಈ ತುದಿಯಲ್ಲಿ ಕೂತೇ ಅದರ ಚೈನಿಗೆ ಎಣ್ಣೆ ಬಿದ್ದು ಎಷ್ಟು ದಿನವಾಯಿತೆಂದು ಹೇಳಿಬಿಡುತ್ತಿದ್ದಳು.

ರಬ್ಬರ್ ಮರಗಳಿಗೆ ರೋಗ ಬಿದ್ದು ಬೆಲ್ಟುಗಳು ಸಿಗದಂತಾದ ಮೇಲೆ ಎಲೆಕ್ಟ್ರಿಕ್ ಸ್ಕೂಟರುಗಳೆಲ್ಲ ಮತ್ತೆ ಚೈನಿಗೇ ಮರಳಿದ್ದ ಕಾಲ ಅದು. ಎಂಜಿನ್ ಇಲ್ಲದ ಗಾಡಿಯಲ್ಲಿ ಸದ್ದು ಮಾಡುವುದು ಚೈನ್ ಒಂದೇ. ತಿಪಟೂರಿನಲ್ಲಿ ಅರಸೀಕೆರೆ ರಸ್ತೆಗೆ ಅಂಟಿಕೊಂಡ ತಗಡಿನ ಚಪ್ಪರದ ಕೆಳಗೆ ಇಪ್ಪತ್ತು ವರ್ಷದಿಂದ ಗಂಗಮ್ಮ ಆ ಸದ್ದನ್ನು ಕೇಳಿಕೊಂಡೇ ಬದುಕಿದ್ದಳು. ಬ್ಯಾಟರಿ, ಬ್ರೇಕು, ದೀಪ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಚೈನು ಮಾತ್ರ.

ಗಾಡಿ ಬಂದೊಡನೆ ಮೊದಲು ಕೀ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. "ಪೆಟ್ರೋಲ್ ಗಾಡಿಯಾದ್ರೆ ಗುರ್ ಅಂತ ಎಚ್ಚರಿಸ್ತಿತ್ತು. ಇದು ಹಂಗಲ್ಲ. ಯಾರಾದ್ರೂ ಮರೆತು ಹ್ಯಾಂಡಲ್ ತಿರುವಿದ್ರೆ ಬೆರಳು ಹೋದ ಮೇಲೇ ಗೊತ್ತಾಗೋದು" ಎನ್ನುವಳು. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಕೊಂಡಿ ಕೊಂಡಿಯನ್ನೂ ತಿಕ್ಕಿ, ಬಟ್ಟೆಯಿಂದ ಒರೆಸಿ, ಗಾಳಿಗೆ ಆರಲು ಬಿಟ್ಟು, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತ ಚೈನಿನ ಒಳಮೈಗೆ ಕೊಂಡಿಗೊಂದು ತೊಟ್ಟಿನಂತೆ ಎಣ್ಣೆ ಬಿಡುವಳು. ಹೆಚ್ಚಾದದ್ದನ್ನು ಮತ್ತೆ ಒರೆಸುವಳು. ಕೊನೆಗೆ ಪ್ರತಿ ಕೊಂಡಿಯನ್ನೂ ಹೆಬ್ಬೆರಳ ಮೇಲೆ ಬಗ್ಗಿಸಿ ನೋಡುವಳು. ಬಗ್ಗದೆ ಸೆಟೆದುಕೊಂಡ ಕೊಂಡಿಯಿದ್ದರೆ ಅದೇ ಮುಂದೆ ಮುರಿಯುವುದು.

ತಿಪಟೂರಿನ ಚೈನುಗಳಿಗೆ ಒಂದು ಊರ ಕಾಯಿಲೆಯೂ ಇತ್ತು. ಮನೆಮನೆಯಲ್ಲಿ ಕೊಬ್ಬರಿ ಎಣ್ಣೆ. ಚೈನ್ ಕಿರುಗುಟ್ಟಿದರೆ ತಲೆಗೆ ಹಚ್ಚಿ ಮಿಕ್ಕಿದ್ದನ್ನೇ ಅದಕ್ಕೂ ಸುರಿಯುವರು. ಎರಡು ದಿನ ಗಾಡಿ ಹಾಯಾಗಿ ಓಡುತ್ತದೆ. ಆಮೇಲೆ ಕಾರ್ಖಾನೆಗಳಿಂದ ಹಾರಿ ಬರುವ ತೆಂಗಿನ ನಾರಿನ ದೂಳು ಆ ಎಣ್ಣೆಗೆ ಕೂತು, ಬಿಸಿಲಿಗೆ ಬೆಂದು, ಕಂದು ಬಣ್ಣದ ಗೋಂದಾಗುತ್ತದೆ. ಆ ಗೋಂದು ಹೊರಗಿನಿಂದ ಚೈನನ್ನು ಮುಚ್ಚಿಬಿಡುತ್ತದೆ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆಯುತ್ತಿದ್ದರೂ ಹೊರಗೆ ಸದ್ದು ಬರುವುದಿಲ್ಲ. ಗಂಗಮ್ಮನ ಲೆಕ್ಕದಲ್ಲಿ ಚೈನುಗಳಲ್ಲೆಲ್ಲ ಅತಿ ಕೆಟ್ಟದ್ದು ಇದೇ.

ಕೊಬ್ಬರಿ ಎಣ್ಣೆ ಬೇಡವೆಂದು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ. ತಪ್ಪದೆ ಕೇಳುತ್ತಿದ್ದವರು ಸರ್ವಮಂಗಳ ಸಿಸ್ಟರ್ ಒಬ್ಬರು. ಆರೋಗ್ಯ ಉಪಕೇಂದ್ರದ ನರ್ಸು. ಲಸಿಕೆಯ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ನೊಣವಿನಕೆರೆ ಕಡೆಯ ಹನ್ನೊಂದು ಹಳ್ಳಿ ತಿರುಗುವವರು. ಪ್ರತಿ ಶನಿವಾರ ಮಧ್ಯಾಹ್ನ ಗಾಡಿ ತಂದು ನಿಲ್ಲಿಸಿ, ಕೆಲಸ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು ಹಳ್ಳಿಯ ಬಾಣಂತಿಯರ ಸುದ್ದಿ ಹೇಳುವರು. ಗಂಗಮ್ಮನಿಗೆ ವಾರದಲ್ಲಿ ಅದೊಂದು ಹೊತ್ತು ಕೆಲಸವೆನಿಸುತ್ತಿರಲಿಲ್ಲ.

*

ಆ ವರ್ಷ ಯುಗಾದಿ ಕಳೆದ ಮೇಲೆ ತುಮಕೂರಿನ ಸ್ಕೂಟರ್ ಕಂಪನಿಯೊಂದರಿಂದ ಮೇದಿನಿ ಎಂಬ ಎಂಜಿನಿಯರ್ ಬಂದಳು. ಮೂವತ್ತರ ಆಸುಪಾಸಿನ, ಮಾತಿನಲ್ಲಿ ಚುರುಕಾದ ಹುಡುಗಿ. ಎರಡು ದಿನ ಚಪ್ಪರದ ಕೆಳಗೆ ಕೂತು ಗಂಗಮ್ಮ ಕಣ್ಣು ಮುಚ್ಚಿ ಚೈನುಗಳ ಸ್ಥಿತಿ ಹೇಳುವುದನ್ನು ಕೇಳಿದಳು. ಮೂರನೆಯ ದಿನ ತನ್ನ ಬ್ಯಾಗಿನಿಂದ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ವಸ್ತು ತೆಗೆದು ಅಂಗೈ ಮೇಲಿಟ್ಟಳು.

"ಗಂಗಕ್ಕ, ಇದನ್ನ ಚೈನಿನ ಪಕ್ಕ ಕೂರಿಸ್ತೀವಿ. ಇದು ಇಡೀ ದಿನ ಚೈನಿನ ಸದ್ದು ಕೇಳ್ತಾ ಇರತ್ತೆ. ಒಣಗಿದ ಸದ್ದು ಬಂದ್ರೆ ಇದರೊಳಗಿನ ಸಣ್ಣ ಕೊಳವೆಯಿಂದ ತಾನೇ ಒಂದು ತೊಟ್ಟು ಎಣ್ಣೆ ಬಿಡತ್ತೆ. ಚೈನ್ ಚೆನ್ನಾಗಿದ್ರೆ ಹ್ಯಾಂಡಲ್ ಮೇಲೆ ಹಸಿರು ದೀಪ. ಎಣ್ಣೆ ಖಾಲಿಯಾದ್ರೆ ಹಳದಿ. ಚೈನ್ ಸವೆದಿದ್ರೆ ಕೆಂಪು. ಆದರೆ ಯಾವ ಸದ್ದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಇದಕ್ಕೆ ಯಾರಾದ್ರೂ ಕಲಿಸಬೇಕಲ್ಲ?"

"ಕಲಿತ ಮೇಲೆ ನಾನೇನು ಮಾಡಲಿ?" ಎಂದಳು ಗಂಗಮ್ಮ.

ಮೇದಿನಿ ನಕ್ಕಳು. "ಒಂದೊಂದು ಸ್ಕೂಟರಿನಲ್ಲೂ ನೀವೇ ಕೂತಿರ್ತೀರ."

ಕೇಳಲು ಚೆನ್ನಾಗಿತ್ತು. ಗಂಗಮ್ಮ ಒಪ್ಪಿಕೊಂಡಳು. ನಾಲ್ಕು ತಿಂಗಳು ಬೆಳಿಗ್ಗೆಯ ರೈಲು ಹಿಡಿದು ತುಮಕೂರಿಗೆ ಹೋದಳು. ಸದ್ದು ನುಗ್ಗದ ಗಾಜಿನ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿ, ಮುಂದೆ ಮೂರು ಬಣ್ಣದ ಬಟನ್ ಇಟ್ಟರು: ಒಳ್ಳೆಯ ಸದ್ದಿಗೆ ಹಸಿರು, ಒಣಗಿದ್ದಕ್ಕೆ ಹಳದಿ, ಸವೆದದ್ದಕ್ಕೆ ಕೆಂಪು. ಸಾವಿರಾರು ಸ್ಕೂಟರುಗಳಿಂದ ಹಿಡಿದು ತಂದ ಸದ್ದು ಒಂದೊಂದಾಗಿ ಕೇಳಿಸುವುದು. ಅವಳು ಒಂದು ಬಟನ್ ಒತ್ತುವುದು. ಊಟದ ಹೊತ್ತಿಗೆ ಎಂಜಿನಿಯರುಗಳೆಲ್ಲ ಅವಳ ಸುತ್ತ ಕೂರುವರು. ಯಾರೂ ಅವಳನ್ನು ಏಕವಚನದಲ್ಲಿ ಮಾತಾಡಿಸಲಿಲ್ಲ.

ಮೊದಲ ವಾರವೇ ಸದ್ದಿಲ್ಲದ ಒಂದು ಚೈನು ಬಂತು. ಗಂಗಮ್ಮ ಬಟನ್ ಒತ್ತದೆ ಕೈ ಎತ್ತಿದಳು.

"ಇದನ್ನ ಕೈಯಲ್ಲಿ ಹಿಡಿದು ನೋಡ್ಬೇಕು ಮೇಡಂ. ಸುಮ್ಮನಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅನ್ನೋಕಾಗಲ್ಲ."

"ಗಂಗಕ್ಕ, ಇಲ್ಲಿ ಕೈ ಬೇಡ. ಕಿವಿ ಒಂದೇ ಸಾಕು" ಎಂದಳು ಮೇದಿನಿ. "ಸದ್ದು ಇದೆಯಾ?"

"ಇಲ್ಲ."

"ಹಾಗಾದ್ರೆ ಹಸಿರು."

ಗಂಗಮ್ಮ ಹಸಿರು ಒತ್ತಿದಳು. ಓದಿದವರಿಗೆ ಇನ್ನೇನೋ ಲೆಕ್ಕವಿರಬಹುದೆಂದುಕೊಂಡಳು.

ಆದರೆ ಮೂರನೆಯ ತಿಂಗಳಿನಲ್ಲಿ, ಹೊರಗಿನ ಗದ್ದಲವಿಲ್ಲದ ಆ ಕೋಣೆಯಲ್ಲಿ ಕೇಳಿ ಕೇಳಿ, ಇಪ್ಪತ್ತು ವರ್ಷ ರಸ್ತೆ ಬದಿಯಲ್ಲಿ ಸಿಗದಿದ್ದ ಒಂದು ವಿಷಯ ಅವಳಿಗೆ ಸಿಕ್ಕಿತು. ಆರೋಗ್ಯವಾದ ಚೈನು ಎಷ್ಟೇ ಮೆತ್ತಗೆ ಓಡಿದರೂ, ಒಂದೊಂದು ಕೊಂಡಿ ಹಲ್ಲುಚಕ್ರದ ಹಲ್ಲಿನ ಮೇಲೆ ಕೂರುವಾಗ ದೂರದ ಗಡಿಯಾರದಷ್ಟು ಸಣ್ಣಗೆ ಟಿಕ್ ಟಿಕ್ ಅನ್ನುತ್ತಿತ್ತು. ಗೋಂದು ಹಿಡಿದ ಚೈನಿನಲ್ಲಿ ಆ ಟಿಕ್ ಇರಲಿಲ್ಲ. ಅಂದರೆ ಎರಡು ನಿಶ್ಶಬ್ದಗಳನ್ನು ಕಿವಿಯಿಂದಲೇ ಬೇರೆ ಮಾಡಬಹುದಿತ್ತು. ಹೆಡ್‌ಫೋನ್ ತೆಗೆದು ಗಾಜಿನಾಚೆ ನೋಡಿದಳು. ಮೇದಿನಿ ಯಾರೊಂದಿಗೋ ಮಾತಾಡುತ್ತ ಅವಳತ್ತ ಕೈ ಬೀಸಿದಳು.

ಗಂಗಮ್ಮ ಬಾಯಿ ತೆರೆದವಳು ಮುಚ್ಚಿಕೊಂಡಳು. ಹೆಡ್‌ಫೋನ್ ಮತ್ತೆ ಹಾಕಿಕೊಂಡು ಹಸಿರು ಬಟನ್ ಒತ್ತಿದಳು.

ಅಂದು ಸಂಜೆ ಅವಳ ಗಂಡ ಪರಮಶಿವಯ್ಯ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ. ಕೊಬ್ಬರಿ ಹರಾಜು ಕಟ್ಟೆಯಲ್ಲಿ ತೂಕ ಹಾಕುತ್ತಿದ್ದ ಮನುಷ್ಯ, ಈಗ ಮನೆಯಲ್ಲಿದ್ದ.

"ಎಲ್ಲಾನೂ ಹೇಳಿಕೊಟ್ಟಾಯ್ತಾ ಅವರಿಗೆ?" ಎಂದ.

"ಒಂದು ಬಿಟ್ಟು."

ಯಾವುದೆಂದು ಅವನು ಕೇಳಿದ. ಅವಳು ಹೇಳಿದಳು.

"ಈಗ ಹೇಳಿದ್ರೆ ಮೊದಲಿಂದ ಎಲ್ಲಾ ತಿದ್ದಬೇಕಾಗ್ತದೆ" ಎಂದಳು ಗಂಗಮ್ಮ. "ಅವರಿಗೂ ಅವಸರ. ಅಲ್ಲದೆ... ಗೋಂದು ಹಿಡಿದ ಚೈನಾದ್ರೂ ನನ್ನ ಹತ್ರ ಬರಲಿ ಅಂತ. ಎಲ್ಲಾ ಆ ಗುಂಡಿಗೇ ಕೊಟ್ಟುಬಿಟ್ಟರೆ ನನಗೇನು ಉಳೀತದೆ?"

"ಇರಲಿ ಬಿಡು" ಎಂದ ಪರಮಶಿವಯ್ಯ. "ನಿನ್ನ ಕೈಲೂ ಒಂದು ಇರಬೇಕಲ್ಲ."

ಕೆಲಸ ಮುಗಿದ ದಿನ ಕಂಪನಿಯವರು ಅವಳಿಗೆ ಶಾಲು ಹೊದಿಸಿದರು. ಗಾಜಿನ ಕೋಣೆಯ ಹೊರಗೋಡೆಯ ಮೇಲೆ ಅವಳ ಫೋಟೊ ಹಾಕಿ ಕೆಳಗೆ ಹೆಸರು ಬರೆಸಿದರು.

*

ಒಂದೇ ವರ್ಷದಲ್ಲಿ ಗುಂಡಿ ಎಲ್ಲ ಸ್ಕೂಟರಿಗೂ ಬಂತು. ಕಂಪನಿಯವರು ಅದಕ್ಕೆ ಏನೋ ಚೆಂದದ ಹೆಸರಿಟ್ಟಿದ್ದರು, ಜನ ಗುಂಡಿ ಎಂದೇ ಕರೆದರು. ಬೆಳಿಗ್ಗೆ ಗಾಡಿ ಹತ್ತುವಾಗ ಹಸಿರು ದೀಪ ನೋಡಿಕೊಳ್ಳುವುದು ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಸಹಜವಾಯಿತು. ಬಗ್ಗಿ ಚೈನ್ ನೋಡುವ ಅಭ್ಯಾಸವೇ ಊರಿಗೆ ತಪ್ಪಿಹೋಯಿತು. ಹೊಸದಾಗಿ ಗಾಡಿ ಕೊಂಡ ಹುಡುಗಿಯರಿಗೆ ಚೈನ್ ಎಲ್ಲಿದೆಯೆಂದೂ ತಿಳಿಯದು.

ಒಂದು ಮಾತ್ರ ತಪ್ಪಲಿಲ್ಲ. ಮಳೆಗಾಲದಲ್ಲಿ ಚೈನಿನ ಮೇಲೆ ತುಕ್ಕಿನ ಬಣ್ಣ ಕಂಡರೆ, ಗುಂಡಿಯಿದ್ದರೂ ಇರಲಿ ಅಂತ, ಜನ ಒಂದಿಷ್ಟು ಕೊಬ್ಬರಿ ಎಣ್ಣೆ ಬಿಡುತ್ತಲೇ ಇದ್ದರು. ಚೈನು ಸುಮ್ಮನಾಗುತ್ತಿತ್ತು. ಗುಂಡಿಗೆ ಸದ್ದು ಕೇಳಿಸುತ್ತಿರಲಿಲ್ಲ, ಆದ್ದರಿಂದ ಅದು ತೊಟ್ಟು ಎಣ್ಣೆಯನ್ನೂ ಬಿಡುತ್ತಿರಲಿಲ್ಲ. ದೀಪ ಹಸಿರಾಗಿಯೇ ಇರುತ್ತಿತ್ತು.

ಗೋಂದು ಹಿಡಿದ ಚೈನಾದರೂ ತನ್ನ ಬಳಿ ಬಂದೀತೆಂದು ಗಂಗಮ್ಮ ಎಣಿಸಿದ್ದಳಲ್ಲ, ಅದೂ ಬರಲಿಲ್ಲ. ಹಸಿರು ದೀಪವಿರುವಾಗ ಯಾರು ಬರುತ್ತಾರೆ? ಚಪ್ಪರದ ಕೆಳಗೆ ದಿನಕ್ಕೆ ಒಂದು ಗಾಡಿ, ಎರಡು ದಿನಕ್ಕೆ ಒಂದು ಎಂಬಂತಾಯಿತು. ಸರ್ವಮಂಗಳ ಸಿಸ್ಟರ್ ಆರು ತಿಂಗಳು ಸುಮ್ಮನೆ ಮಾತಾಡಿಸಲೆಂದು ಬಂದರು. ಆಮೇಲೆ ಅವರಿಗೂ ಇನ್ನೂ ನಾಲ್ಕು ಹಳ್ಳಿಯ ಕೆಲಸ ಹೆಚ್ಚಾಗಿ ಶನಿವಾರಗಳು ಸಿಗದಾದವು. ಅದು ಗಂಗಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಕುದಿಯುತ್ತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಹೂವಿನಂಗಡಿಯ ಮುಂದೆ ಸಿಸ್ಟರ್ ಸಿಕ್ಕರು. ಗಾಡಿಯ ಮೇಲೆ ಕೂತೇ ಮಾತಾಡಿಸಿದರು.

"ಏನು ಗಂಗಮ್ಮ, ಮರೆತೇಬಿಟ್ರಾ ನಮ್ಮನ್ನ?"

"ನಾನ್ಯಾಕೆ ಮರೀಲಿ ಸಿಸ್ಟರ್? ದಾರಿ ಮರೆತೋರು ನೀವು."

"ಏನ್ಮಾಡ್ಲಿ ಹೇಳಿ, ಉಸಿರಾಡೋಕೆ ಪುರುಸೊತ್ತಿಲ್ಲ. ನಿಮ್ಮ ಗುಂಡಿ ಇದೆ ಅಂತ ಧೈರ್ಯ. ಗಾಡಿ ಹತ್ತಿದಾಗೆಲ್ಲ ಗಂಗಮ್ಮ ಜತೇಲಿದಾರೆ ಅಂದ್ಕೋತೀನಿ" ಎಂದು ನಕ್ಕರು ಸಿಸ್ಟರ್.

ಗಂಗಮ್ಮನ ಕಣ್ಣು ಅಭ್ಯಾಸಬಲದಿಂದ ಚೈನಿನತ್ತ ಹೋಗಿತ್ತು. ಹಿಂದಿನ ಹಲ್ಲುಚಕ್ರದ ಬಳಿ ಕಂದು ಬಣ್ಣ ಗಟ್ಟಿಯಾಗಿ ಕೂತಿತ್ತು. ಕೆಳಗಿನ ಚೈನಿನಲ್ಲಿ ಎರಡು ಕೊಂಡಿ ಸೊಟ್ಟಗೆ ನಿಂತಿದ್ದವು, ಬಗ್ಗಲಾರದೆ. ಅವರೂ ಎಣ್ಣೆ ಸುರಿದಿದ್ದರು. ಎಂದೂ ಸುರಿಯದವರು.

ಹೇಳಬೇಕಿತ್ತು. 'ಗಾಡಿ ಇಲ್ಲೇ ನಿಲ್ಲಿಸಿ ಸಿಸ್ಟರ್' ಎಂಬಷ್ಟು ಮಾತು ಸಾಕಿತ್ತು. ಆದರೆ ಆ ಕ್ಷಣಕ್ಕೆ ಅವಳ ಎದೆಯಲ್ಲಿ ಎದ್ದದ್ದು ಬೇರೆ. ಹಸಿರು ದೀಪ ನಂಬಿಕೊಂಡೋರು, ಅದನ್ನೇ ಕೇಳಲಿ. ಚೈನ್ ಕಿತ್ತು ಗಾಡಿ ನಿಂತಾಗ ತಳ್ಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ಗಾಡಿ ನಿಲ್ಲುತ್ತದೆ, ಅಷ್ಟೇ ತಾನೆ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಳು.

"ಹುಷಾರಾಗಿ ಹೋಗಿಬನ್ನಿ" ಎಂದಳು.

ಒಂಬತ್ತು ದಿನದ ಮೇಲೆ ನೊಣವಿನಕೆರೆಯ ದಾರಿಯ ಇಳಿಜಾರಿನಲ್ಲಿ ಚೈನು ಕಿತ್ತಿತು. ಕಿತ್ತ ಚೈನು ರಸ್ತೆಗೆ ಬೀಳದೆ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಓಡುತ್ತಿದ್ದ ಚಕ್ರ ಇದ್ದಲ್ಲೇ ಹಿಡಿದುಕೊಂಡಿತು. ಸರ್ವಮಂಗಳ ಸಿಸ್ಟರ್ ರಸ್ತೆಯ ಅಂಚಿನ ಕಲ್ಲಿನ ಮೇಲೆ ಬಿದ್ದರು. ಸೊಂಟದ ಮೂಳೆ ಎರಡು ಕಡೆ ಮುರಿಯಿತು. ಲಸಿಕೆಯ ಪೆಟ್ಟಿಗೆಯನ್ನು ಆ ಕಡೆ ಹೋಗುತ್ತಿದ್ದ ಯಾರೋ ಎತ್ತಿಕೊಂಡು ಹೋಗಿ ಹಳ್ಳಿಗೆ ತಲುಪಿಸಿದರು.

ಗಾಡಿಯನ್ನು ಎತ್ತಿ ತಂದವರು ಗಂಗಮ್ಮನ ಚಪ್ಪರದ ಕೆಳಗೇ ಇಳಿಸಿ ಹೋದರು. ಚೈನಿನ ವಿಷಯ, ಅವಳಲ್ಲದೆ ಇನ್ಯಾರ ಬಳಿ ಬಿಡುವುದು? ಅವಳು ಚಕ್ರಕ್ಕೆ ಸುತ್ತಿಕೊಂಡಿದ್ದ ಚೈನನ್ನು ಬಿಡಿಸುತ್ತ ಹೋದಳು. ಕೊಂಡಿಗಳು ಒಂದಕ್ಕೊಂದು ಅಂಟಿಕೊಂಡು ಕೋಲಿನಂತಾಗಿದ್ದವು. ಮುರಿದ ಕೊಂಡಿಯ ಒಳಗಿನ ಸಣ್ಣ ಕಂಬಿ ಅರ್ಧಕ್ಕರ್ಧ ಸವೆದಿತ್ತು. ತಲೆ ಎತ್ತಿದಾಗ ಹ್ಯಾಂಡಲ್ ಮೇಲೆ ದೀಪ ಇನ್ನೂ ಹಸಿರಾಗಿ ಉರಿಯುತ್ತಿತ್ತು.

ಪರಮಶಿವಯ್ಯ ಊಟಕ್ಕೆ ಕರೆಯಲು ಬಂದವನು ಅವಳ ಮುಖ ನೋಡಿ ಪಕ್ಕದಲ್ಲಿ ಕೂತ.

"ನೀನೊಬ್ಬಳೇ ಅಲ್ಲ" ಎಂದ. "ಇರಲಿ ಬಿಡು ಅಂದೋನು ನಾನು."

"ನಿಮಗೆ ಚೈನಿನ ವಿಷಯ ಏನು ಗೊತ್ತಿತ್ತು?" ಎಂದಳು ಅವಳು. "ಗೊತ್ತಿದ್ದೋಳು ನಾನು."

*

ಮಾರನೆಯ ಬೆಳಿಗ್ಗೆ ಆ ಮುರಿದ ಚೈನನ್ನು ಕಾಗದದಲ್ಲಿ ಸುತ್ತಿಕೊಂಡು ಗಂಗಮ್ಮ ತುಮಕೂರಿಗೆ ಹೋದಳು. ಮೇದಿನಿ ಈಗ ದೊಡ್ಡ ಹುದ್ದೆಯಲ್ಲಿದ್ದಳು. ಅವಳ ಕೋಣೆಯ ಪರದೆಯ ಮೇಲೆ ಜಿಲ್ಲೆಯ ಸ್ಕೂಟರುಗಳೆಲ್ಲ ಹಸಿರು ಚುಕ್ಕೆಗಳಾಗಿ ಚಲಿಸುತ್ತಿದ್ದವು.

ಚೈನನ್ನು ಮೇಜಿನ ಮೇಲೆ ಬಿಚ್ಚಿಟ್ಟಾಗ ಮೇದಿನಿ ಮೊದಲು ಅದನ್ನು ಮುಟ್ಟಿ ನೋಡಿದಳು, ಆಮೇಲೆ ಬಗ್ಗಿಸಲು ನೋಡಿದಳು. ಬಗ್ಗಲಿಲ್ಲ.

"ಇದು ಸದ್ದು ಮಾಡೋದೇ ಇಲ್ವಾ?"

"ಇಲ್ಲ. ಅದಕ್ಕೇ ನಿಮ್ಮ ಗುಂಡಿಗೆ ಗೊತ್ತಾಗಲಿಲ್ಲ."

ಮೇದಿನಿಗೆ ಏನೋ ನೆನಪಾದಂತೆ ಕಂಡಿತು. "ನೀವು ಮೊದಲನೇ ವಾರವೇ ಹೇಳಿದ್ರಿ. ಕೈಯಲ್ಲಿ ನೋಡಬೇಕು ಅಂತ. ನಾನೇ ಬೇಡ ಅಂದೆ." ಅವಳ ದನಿ ಸಣ್ಣಗಾಗಿತ್ತು. "ತಪ್ಪು ನನ್ನದು ಗಂಗಕ್ಕ."

ಗಂಗಮ್ಮನಿಗೆ ಅಲ್ಲಿಗೇ ನಿಲ್ಲಿಸುವ ಅವಕಾಶವಿತ್ತು. ಗಾಜಿನ ಕೋಣೆಯ ಹೊರಗೆ ಅವಳ ಫೋಟೊ ನಗುತ್ತಿತ್ತು.

"ಅಷ್ಟಕ್ಕೇ ಮುಗೀಲಿಲ್ಲ ಮೇಡಂ" ಎಂದಳು. "ಮೂರನೇ ತಿಂಗಳಲ್ಲಿ ನನಗೆ ಕಿವಿಯಲ್ಲೇ ಗೊತ್ತಾಯ್ತು. ಒಳ್ಳೇ ಚೈನು ಸಣ್ಣಗೆ ಟಿಕ್ ಅನ್ನತ್ತೆ, ಇದು ಅನ್ನಲ್ಲ. ಗೊತ್ತಾಗಿಯೂ ಹೇಳಲಿಲ್ಲ. ನನ್ನ ಹತ್ರ ಒಂದಾದ್ರೂ ಉಳೀಲಿ ಅಂತ ಇಟ್ಟುಕೊಂಡೆ."

ಮೇದಿನಿ ಚೈನನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ಬೈದಿದ್ದರೆ ಗಂಗಮ್ಮನಿಗೆ ಹಗುರವಾಗುತ್ತಿತ್ತೇನೋ. ಆಮೇಲೆ ಎದ್ದು, "ಬನ್ನಿ" ಎಂದಷ್ಟೇ ಹೇಳಿ ಗಾಜಿನ ಕೋಣೆಯ ಬಾಗಿಲು ತೆರೆದಳು.

ನಾಲ್ಕು ದಿನ ಗಂಗಮ್ಮ ಅಲ್ಲಿ ಕೂತಳು. ಅಂದು ಹಸಿರೆಂದು ಒತ್ತಿದ್ದ ನಿಶ್ಶಬ್ದ ಚೈನುಗಳನ್ನೆಲ್ಲ ಮತ್ತೆ ಕೇಳಿದಳು. ಟಿಕ್ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಂದೊಂದು ಕೆಂಪು ಒತ್ತುವಾಗಲೂ ಆ ಗಾಡಿ ಯಾರದಿರಬಹುದು, ಈಗ ಎಲ್ಲಿ ಓಡುತ್ತಿರಬಹುದು ಎಂಬ ಯೋಚನೆ ಬರುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹೊಸ ಪಾಠವನ್ನು ಎಲ್ಲ ಗುಂಡಿಗಳಿಗೂ ಕಳಿಸಿದರು. ಗಂಗಮ್ಮ ಮೇದಿನಿಯ ಹಿಂದೆ ನಿಂತು ಪರದೆ ನೋಡಿದಳು. ತುಮಕೂರು, ಗುಬ್ಬಿ, ತುರುವೇಕೆರೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಕೆಂಪಾಯಿತು. ತಿಪಟೂರಿನ ಮೇಲೆ ಮಾತ್ರ ಕೆಂಪು ಒಂದೇ ಸಲಕ್ಕೆ ಹರಡಿಕೊಂಡಿತು. ಕೊಬ್ಬರಿಯ ಊರು.

"ಆ ಫೋಟೊ ತೆಗೆಸಿಬಿಡಿ ಮೇಡಂ" ಎಂದಳು ಹೊರಡುವಾಗ.

"ನಾನು ಹೇಳ್ತೀನಿ. ಆದ್ರೆ ತೆಗೆಯಲ್ಲ ಅವರು" ಎಂದಳು ಮೇದಿನಿ. "ವರದಿಯಲ್ಲಿ 'ಮಾಹಿತಿಯ ಕೊರತೆ' ಅಂತ ಬರೀತಾರೆ. ನನ್ನ ಹೆಸರೂ ಬರಲ್ಲ, ನಿಮ್ಮ ಹೆಸರೂ ಬರಲ್ಲ."

ಗಂಗಮ್ಮ ಊರಿಗೆ ಬರುವಷ್ಟರಲ್ಲಿ ಚಪ್ಪರದಿಂದ ರಸ್ತೆಯ ತಿರುವಿನ ತನಕ ಸ್ಕೂಟರುಗಳು ನಿಂತಿದ್ದವು. ಎಲ್ಲವೂ ಕೆಂಪು ದೀಪ ಹೊತ್ತವು. ಎರಡು ವರ್ಷದಿಂದ ಕಾಣದ ಮುಖಗಳು ಗಂಗಮ್ಮ ಗಂಗಮ್ಮ ಎಂದು ಕರೆದವು. ತನಗೆ ಯಾವುದು ಬೇಕೆಂದು ಅವಳು ಆ ಮಾತನ್ನು ಬಚ್ಚಿಟ್ಟುಕೊಂಡಿದ್ದಳೋ ಅದೆಲ್ಲ ಈಗ ಬಾಗಿಲಿಗೆ ಬಂದು ನಿಂತಿತ್ತು. ಅವಳು ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ಕೀ ಇಸಿದುಕೊಂಡು ಕೂತಳು. ಹದಿನೇಳು ದಿನ ಬ್ರಷ್ಷು, ಸೀಮೆಎಣ್ಣೆ, ಬಟ್ಟೆ. ಪರಮಶಿವಯ್ಯನೂ ಪಕ್ಕದಲ್ಲಿ ಕೂತು ಗೋಂದು ಕೆರೆದ. ಬಗ್ಗದ ಚೈನುಗಳನ್ನು ಕಳಚಿ ಒಂದು ಕಡೆ ಹಾಕುತ್ತ ಹೋದಳು. ಇನ್ನು ನಾಲ್ಕು ದಿನ ಓಡಿದ್ದರೆ ಕಿತ್ತೇ ಹೋಗುತ್ತಿದ್ದಂಥವು ಒಂದು ರಾಶಿಯಾದವು.

*

ಸರ್ವಮಂಗಳ ಸಿಸ್ಟರ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆಂದು ತಿಳಿದ ಮೇಲೂ ಗಂಗಮ್ಮ ಒಂದು ವಾರ ಹೋಗಲಿಲ್ಲ. ಹೋದಾಗ ಅವರು ಹಜಾರದಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು. ಫೋನಿನಲ್ಲಿ ಯಾರಿಗೋ, "ಇನ್ಮೇಲೆ ಬೇರೆ ಸಿಸ್ಟರ್ ಬರ್ತಾರಮ್ಮ. ಇಲ್ಲ, ನನಗೆ ಆಫೀಸಿನಲ್ಲಿ ಕೂರೋ ಕೆಲಸ ಕೊಟ್ಟಿದಾರೆ. ಮಗುಗೆ ಜ್ವರ ಬಂದ್ರೆ ಒದ್ದೆ ಬಟ್ಟೆ ಹಾಕು, ಹೆದರಬೇಡ" ಎನ್ನುತ್ತಿದ್ದರು.

ಫೋನ್ ಇಟ್ಟು ಅವಳನ್ನು ನೋಡಿ ಅವರ ಮುಖ ಅರಳಿತು. ಆ ನಗು ಆರುವ ಮುಂಚೆಯೇ ಹೇಳಿಬಿಡಬೇಕೆಂದು ಗಂಗಮ್ಮ ನಿಂತೇ ಹೇಳಿದಳು. ಗಾಜಿನ ಕೋಣೆಯಲ್ಲಿ ಬಚ್ಚಿಟ್ಟದ್ದನ್ನು ಹೇಳಿದಳು. ಹೂವಿನಂಗಡಿಯ ಮುಂದೆ ನುಂಗಿಕೊಂಡದ್ದನ್ನೂ ಹೇಳಿದಳು.

ಸಿಸ್ಟರ್ ಕಿಟಕಿಯ ಕಡೆ ತಿರುಗಿದರು.

"ಆವತ್ತು ಚೈನಿನ ಬಣ್ಣ ನೋಡಿದ್ರಾ?"

"ನೋಡಿದೆ."

"ಕಿತ್ತು ಹೋಗತ್ತೆ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ಗಾಡಿ ನಿಲ್ಲತ್ತೆ ಅಂದ್ಕೊಂಡೆ. ನೀವು ಬೀಳ್ತೀರ ಅಂದ್ಕೊಳ್ಳಲಿಲ್ಲ."

ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಸಿಸ್ಟರ್ ಮಡಿಲಲ್ಲಿದ್ದ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

"ಹೋಗಲಿ ಬಿಡಿ ಗಂಗಮ್ಮ" ಎಂದರು ಕೊನೆಗೆ. ದನಿಯಲ್ಲಿ ಸುಸ್ತಿತ್ತು. "ನೀವು ಹೇಳಿದ್ರೂ ನಾನು ಕೇಳ್ತಿರಲಿಲ್ವೇನೋ. ದೀಪ ಹಸಿರಿತ್ತು. ಅವಸರ ಬೇರೆ ಇತ್ತು."

ಆ ಮಾತನ್ನು ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಉಳಿದ ಆಯುಷ್ಯವೆಲ್ಲ ಅದನ್ನೇ ನೆನೆದುಕೊಂಡು ನಿದ್ದೆ ಮಾಡಬಹುದಿತ್ತು. ಗಂಗಮ್ಮ ತಲೆಯಾಡಿಸಿದಳು.

"ಕೇಳ್ತಿದ್ರಿ ಸಿಸ್ಟರ್. ನಾನು ಹೇಳಿದ್ದನ್ನ ನೀವು ಒಂದು ದಿನವೂ ಇಲ್ಲ ಅಂದೋರಲ್ಲ. ನಿಲ್ಲಿಸಿ ಅಂದಿದ್ರೆ ಅಲ್ಲೇ ಇಳೀತಿದ್ರಿ."

ಸಿಸ್ಟರ್ ಅವಳನ್ನು ನೋಡಿದರು. ಆಮೇಲೆ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಕೈ ಊರಿ, ನೋವಿಗೆ ಹಲ್ಲು ಕಚ್ಚಿ ನಿಧಾನಕ್ಕೆ ಎದ್ದು ನಿಂತರು. ಗಂಗಮ್ಮ ಹಿಡಿಯಲು ಕೈ ಚಾಚಿದಳು. ಸಿಸ್ಟರ್ ಆ ಕೈ ಹಿಡಿಯಲಿಲ್ಲ.

"ಹೌದು" ಎಂದರು. "ಇಳೀತಿದ್ದೆ."